ಒಂದೇ ತರಗತಿ, ಎರಡು ಹಾದಿ

ಅಮೆರಿಕದ ಒಹಾಯೊ ರಾಜ್ಯದಲ್ಲಿರುವ ಡೇಟನ್ ನಗರದ ಸೆಂಟ್ರಲ್ ಹೈಸ್ಕೂಲಿನಲ್ಲಿ 1890ರ ಸುಮಾರಿಗೆ ತೆಗೆದ ಒಂದು ಗುಂಪು ಫೋಟೊ ಉಳಿದುಬಂದಿದೆ. ನಮ್ಮ ಹಳೆಯ ಶಾಲಾ ಫೋಟೊಗಳಂತೆಯೇ ಅದೂ. ಮುಂದೆ ಕೂತವರು, ಹಿಂದೆ ನಿಂತವರು, ಎಲ್ಲರ ಮುಖದಲ್ಲೂ ಕ್ಯಾಮೆರಾಕ್ಕಾಗಿ ತಂದುಕೊಂಡ ಗಾಂಭೀರ್ಯ. ಹಿಂದೆ ನಿಂತವರಲ್ಲಿ ಒಬ್ಬ ಓರ್‌ವಿಲ್ ರೈಟ್. ಅಲ್ಲಿಯೇ ನಿಂತಿರುವ ಇನ್ನೊಬ್ಬ ಹುಡುಗ ಆ ತರಗತಿಯಲ್ಲಿದ್ದ ಏಕೈಕ ಕಪ್ಪು ವಿದ್ಯಾರ್ಥಿ. ಅವನ ಹೆಸರು ಪಾಲ್ ಲಾರೆನ್ಸ್ ಡನ್‌ಬಾರ್.

ಮೊದಲನೆಯವನ ಹೆಸರನ್ನು ನಮ್ಮ ಹಳ್ಳಿಯ ಶಾಲೆಯ ಮಕ್ಕಳೂ ಹೇಳಬಲ್ಲರು. ಅಣ್ಣ ವಿಲ್ಬರ್ ಜೊತೆಗೂಡಿ ವಿಮಾನ ಹಾರಿಸಿದವನು ಆತ. ಎರಡನೆಯವನ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಆದರೆ ಅಮೆರಿಕದ ಸಾಹಿತ್ಯ ಚರಿತ್ರೆಯಲ್ಲಿ, ದೇಶದಾದ್ಯಂತ ಓದುಗರನ್ನು ಪಡೆದ ಮೊದಲ ಕಪ್ಪು ಕವಿಗಳ ಸಾಲಿನಲ್ಲಿ ಆತನಿಗೆ ಮುಖ್ಯ ಸ್ಥಾನವಿದೆ. ಒಂದು ಮಧ್ಯಮ ಗಾತ್ರದ ಊರಿನ ಒಂದೇ ತರಗತಿಯಿಂದ ಇಂಥ ಇಬ್ಬರು ಬಂದದ್ದು ಅಪರೂಪದ ಸಂಗತಿಯೇ ಸರಿ.

ತಮ್ಮ ಊರಿಗೆ ಹೆಸರು ತಂದವರನ್ನು ಎಣಿಸಿ ಹೇಳುವುದು ಎಲ್ಲ ಊರಿನವರಿಗೂ ಇಷ್ಟ. ಡೇಟನ್ನಿನವರಿಗಂತೂ ಪಟ್ಟಿ ಉದ್ದವಾಗಿಯೇ ಇದೆ. ಆದರೆ ಇಂಥ ಪಟ್ಟಿಗಳಲ್ಲಿ ಎಲ್ಲ ಹೆಸರುಗಳೂ ಒಂದರ ಪಕ್ಕ ಒಂದು ಸಮನಾಗಿ ಕೂತುಬಿಡುತ್ತವೆ. ಊರು ಯಾರಿಗೆ ಏನು ಕೊಟ್ಟಿತು, ಯಾರಿಗೆ ಯಾವ ಬಾಗಿಲು ಮುಚ್ಚಿತು ಎಂಬುದು ಅಲ್ಲಿ ಕಾಣುವುದಿಲ್ಲ. ಡೇಟನ್ನಿನ ಕಥೆಯನ್ನು ಆ ಕಡೆಯಿಂದ ನೋಡಿದರೆ ಚರಿತ್ರೆ ಬೇರೆಯದೇ ಬಣ್ಣದಲ್ಲಿ ಕಾಣುತ್ತದೆ.

ನೀರು ಕೂಡುವ ಊರು

ಡೇಟನ್ ಹುಟ್ಟಿದ್ದು 1796ರಲ್ಲಿ. ಅಮೆರಿಕದ ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಅತ್ಯಂತ ಕಿರಿಯನಾದ ಜೊನಾಥನ್ ಡೇಟನ್ ಎಂಬಾತನ ಹೆಸರನ್ನು ಊರಿಗೆ ಇಟ್ಟರು. ಗ್ರೇಟ್ ಮಯಾಮಿ ನದಿಗೆ ಸ್ಟಿಲ್‌ವಾಟರ್, ಮ್ಯಾಡ್ ಎಂಬ ನದಿಗಳೂ ವುಲ್ಫ್ ಎಂಬ ಹಳ್ಳವೂ ಬಂದು ಸೇರುವ ಜಾಗ ಅದು. ನೀರು ಕೂಡುವ ಕಡೆ ಗಿರಣಿಗಳು ಬಂದವು. 1829ರಲ್ಲಿ ದಕ್ಷಿಣದ ಸಿನ್ಸಿನಾಟಿಯಿಂದ ಕಾಲುವೆ ಬಂತು, ಆಮೇಲೆ ರೈಲು ಬಂತು. ಸಣ್ಣಪುಟ್ಟ ಕಾರ್ಖಾನೆಗಳು ತುಂಬಿಕೊಂಡವು. 1890ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 61,220. ಇಪ್ಪತ್ತು ವರ್ಷಗಳಲ್ಲಿ ಅದು 1,16,577ಕ್ಕೆ ಏರಿತು.

ಕಬ್ಬಿಣ ಕಡೆಯುವವರು, ಅಚ್ಚು ಹೊಯ್ಯುವವರು, ಮರಗೆಲಸದವರು ಬೀದಿಗೊಬ್ಬರಂತೆ ಇದ್ದ ಇಂಥ ಊರಿನಲ್ಲಿ ಹೊಸ ಯಂತ್ರದ ಯೋಚನೆ ಹೊಳೆದರೆ ಅದನ್ನು ಮಾಡಿಕೊಡುವ ಕೈಗಳು ಹತ್ತಿರದಲ್ಲೇ ಸಿಗುತ್ತಿದ್ದವು. ಜೇಮ್ಸ್ ರಿಟ್ಟಿ ಎಂಬ ಹೆಂಡದಂಗಡಿಯ ಮಾಲೀಕನದು ಒಳ್ಳೆಯ ಉದಾಹರಣೆ. ಗಲ್ಲಾಪೆಟ್ಟಿಗೆಯಿಂದ ನೌಕರರು ಹಣ ಎಗರಿಸುತ್ತಾರೆಂಬುದು ಆತನ ಚಿಂತೆ. ಹಡಗಿನಲ್ಲಿ ಯುರೋಪಿಗೆ ಹೋಗುವಾಗ ಪ್ರೊಪೆಲರಿನ ಸುತ್ತುಗಳನ್ನು ಲೆಕ್ಕವಿಡುವ ಯಂತ್ರವೊಂದು ಅವನ ಕಣ್ಣಿಗೆ ಬಿತ್ತು. ಹಡಗಿನ ಸುತ್ತನ್ನು ಎಣಿಸಬಹುದಾದರೆ ಅಂಗಡಿಯ ದುಡ್ಡನ್ನೇಕೆ ಎಣಿಸಬಾರದು? ಊರಿಗೆ ಮರಳಿ ತಮ್ಮನ ಜೊತೆ ಸೇರಿ ಅವನು ಮಾಡಿದ ಯಂತ್ರಕ್ಕೆ 1879ರಲ್ಲಿ ಪೇಟೆಂಟ್ ದೊರೆಯಿತು. ಇಂದು ಅಂಗಡಿ, ಹೋಟೆಲುಗಳಲ್ಲಿ ಕಾಣುವ ಬಿಲ್ಲಿನ ಯಂತ್ರಗಳ ಮೂಲಪುರುಷ ಅದೇ.

ರಿಟ್ಟಿಗೆ ಅದರಿಂದ ದೊಡ್ಡ ಲಾಭವೇನೂ ಆಗಲಿಲ್ಲ. ಲಾಭ ಕಂಡವನು ಅದೇ ಊರಿನ ಜಾನ್ ಪ್ಯಾಟರ್‌ಸನ್. 1884ರಲ್ಲಿ ಆ ಯಂತ್ರದ ಕಂಪೆನಿಯನ್ನು ಕೊಂಡು ಅದನ್ನು ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಎಂದು ಜಗತ್ತಿಗೆ ಪರಿಚಯಿಸಿದ. ಗೋಡೆಗಿಂತ ಗಾಜೇ ಹೆಚ್ಚಿದ್ದ, ಬೆಳಕು ತುಂಬಿದ ಕಾರ್ಖಾನೆ ಕಟ್ಟಿದ. ಮಾರಾಟಗಾರರಿಗೆ ತರಬೇತಿ ಶಾಲೆ ತೆರೆದ. ಮುಂದೆ ಐಬಿಎಂ ಕಂಪೆನಿಯನ್ನು ಬೆಳೆಸಿದ ಥಾಮಸ್ ವಾಟ್ಸನ್ ವ್ಯಾಪಾರ ಕಲಿತದ್ದು ಪ್ಯಾಟರ್‌ಸನ್ನನ ಕೈಕೆಳಗೆ. ಕೆಲಸ ಕಳೆದುಕೊಂಡದ್ದೂ ಅವನಿಂದಲೇ.

ಒಂದು ಮುದ್ರಣಾಲಯ

ಇಂಥ ಊರಿನಲ್ಲಿ, ನದಿಯ ಪಶ್ಚಿಮ ದಂಡೆಯ ಹಾಥಾರ್ನ್ ಬೀದಿಯ ಏಳನೇ ನಂಬರಿನ ಮನೆಯಲ್ಲಿ ರೈಟ್ ಕುಟುಂಬವಿತ್ತು. ತಂದೆ ಮಿಲ್ಟನ್ ರೈಟ್ ಚರ್ಚಿನ ಬಿಷಪ್. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಯಂತ್ರಗಳ ಗೀಳು ಹುಡುಗರಿಗೆ ಬಂದದ್ದು ತಾಯಿ ಸೂಸನ್ ಕಡೆಯಿಂದ. ಮನೆಯ ಸಣ್ಣಪುಟ್ಟ ಉಪಕರಣಗಳನ್ನು ಆಕೆಯೇ ಮಾಡಿಕೊಳ್ಳುತ್ತಿದ್ದಳು. 1889ರಲ್ಲಿ ಕ್ಷಯದಿಂದ ಆಕೆ ತೀರಿಕೊಂಡಳು.

ಡನ್‌ಬಾರನ ಮನೆಯ ಕಥೆ ಬೇರೆ. ಅವನ ತಂದೆತಾಯಿ ಇಬ್ಬರೂ ಕೆಂಟಕಿ ರಾಜ್ಯದಲ್ಲಿ ಗುಲಾಮರಾಗಿದ್ದವರು. ತಂದೆ ಜೋಷುವಾ ತಪ್ಪಿಸಿಕೊಂಡು ಹೋಗಿ, ಅಂತರ್ಯುದ್ಧದಲ್ಲಿ ಉತ್ತರದವರ ಸೇನೆ ಸೇರಿ ಹೋರಾಡಿದ್ದ. ಗುಲಾಮಗಿರಿ ಮುಗಿದ ಮೇಲೆ ತಾಯಿ ಮಟಿಲ್ಡಾ ಡೇಟನ್ನಿಗೆ ಬಂದಳು. 1872ರ ಜೂನ್ 27ರಂದು ಪಾಲ್ ಹುಟ್ಟಿದ. ತಂದೆತಾಯಿ ಬೇಗನೆ ಬೇರೆಯಾದರು. ಊರವರ ಬಟ್ಟೆ ಒಗೆದು ಮಗನನ್ನು ಸಾಕಿದ ಮಟಿಲ್ಡಾ ದೊಡ್ಡವಳಾದ ಮೇಲೆ ಓದು ಕಲಿತವಳು. ಕಲಿತದ್ದನ್ನು ಮಗನಿಗೂ ಕಲಿಸಿದಳು. ತನ್ನ ಎಳೆತನದ ಕಥೆಗಳನ್ನೂ ಹಾಡುಗಳನ್ನೂ ಹೇಳಿದಳು. ಮುಂದೆ ಅವನ ಕಾವ್ಯಕ್ಕೆ ಬಂಡವಾಳವಾದದ್ದು ಅವೇ.

ಶಾಲೆಯಲ್ಲಿ ಪಾಲ್ ಮುಂದಾಳು. ಸಾಹಿತ್ಯ ಸಂಘದ ಅಧ್ಯಕ್ಷ, ಶಾಲಾ ಪತ್ರಿಕೆಯ ಸಂಪಾದಕ. ಓರ್‌ವಿಲ್‌ಗೆ ಮುದ್ರಣದ ಹುಚ್ಚು. ಅಣ್ಣ ವಿಲ್ಬರನ ನೆರವಿನಿಂದ ಹಳೆಯ ಕುದುರೆಗಾಡಿಯ ಬಿಡಿಭಾಗ, ಸೌದೆ, ಗುಜರಿ ಸಾಮಾನು ಸೇರಿಸಿ ಅಚ್ಚಿನ ಯಂತ್ರವನ್ನೇ ಕಟ್ಟಿದ್ದ. 1889ರಲ್ಲಿ ಅಣ್ಣತಮ್ಮ ಇಬ್ಬರೂ ಸೇರಿ ಒಂದು ವಾರಪತ್ರಿಕೆ ನಡೆಸಿದರು. ಮರುವರ್ಷ ಡನ್‌ಬಾರ್ ಊರಿನ ಕಪ್ಪು ಜನರಿಗಾಗಿ 'ಡೇಟನ್ ಟ್ಯಾಟ್ಲರ್' ಎಂಬ ಪತ್ರಿಕೆ ಹೊರಡಿಸಲು ಮುಂದಾದಾಗ ಅದನ್ನು ಅಚ್ಚು ಹಾಕಿಕೊಟ್ಟದ್ದು ಇದೇ ರೈಟ್ ಮುದ್ರಣಾಲಯ. ಹದಿನೆಂಟರ ಸಂಪಾದಕ, ಹತ್ತೊಂಬತ್ತರ ಮುದ್ರಕ! ಆದರೆ ಪತ್ರಿಕೆ ನಡೆಸಲು ಉತ್ಸಾಹ ಸಾಲದಲ್ಲ. ಜಾಹೀರಾತು ಸಿಗಲಿಲ್ಲ, ಹಣ ಹುಟ್ಟಲಿಲ್ಲ. ಮೂರು ಸಂಚಿಕೆಗೆ ಪತ್ರಿಕೆ ನಿಂತಿತು.

ನಾಲ್ಕು ಡಾಲರಿನ ಲಿಫ್ಟ್

ಇಲ್ಲಿಂದ ಹಾದಿ ಕವಲೊಡೆಯುತ್ತದೆ. ಓರ್‌ವಿಲ್ ಕೊನೆಯ ವರ್ಷದಲ್ಲಿ ಶಾಲೆ ಬಿಟ್ಟ. ಅಣ್ಣ ವಿಲ್ಬರನಿಗೂ ಹೈಸ್ಕೂಲಿನ ಪ್ರಮಾಣಪತ್ರ ಕೈಗೆ ಬಂದಿರಲಿಲ್ಲ. ಡನ್‌ಬಾರ್ 1891ರಲ್ಲಿ ತೇರ್ಗಡೆಯಾದ. ಬೀಳ್ಕೊಡುಗೆಯಲ್ಲಿ ತರಗತಿ ಹಾಡಿದ ಹಾಡನ್ನು ಬರೆದವನೂ ಅವನೇ. ಹಾಗಿದ್ದೂ ಪ್ರಮಾಣಪತ್ರ ಇಲ್ಲದ ಅಣ್ಣತಮ್ಮಂದಿರು 1892ರಲ್ಲಿ ಸ್ವಂತ ಸೈಕಲ್ ಅಂಗಡಿ ತೆರೆದರು. ಪ್ರಮಾಣಪತ್ರ ಹಿಡಿದುಕೊಂಡವನು ಪತ್ರಿಕಾ ಕಚೇರಿಗಳ, ವ್ಯಾಪಾರಿ ಕಚೇರಿಗಳ ಬಾಗಿಲು ತಟ್ಟಿದ. ಮೈಬಣ್ಣ ನೋಡಿ ಎಲ್ಲರೂ ಹಿಂದೆ ಕಳಿಸಿದರು. ಕೊನೆಗೆ ಸಿಕ್ಕಿದ್ದು ಕ್ಯಾಲಹಾನ್ ಕಟ್ಟಡದಲ್ಲಿ ಲಿಫ್ಟ್ ನಡೆಸುವ ಕೆಲಸ. ವಾರಕ್ಕೆ ನಾಲ್ಕು ಡಾಲರ್ ಸಂಬಳ.

ಲಿಫ್ಟಿನ ಮೂಲೆಯಲ್ಲಿ ನಿಂತು, ಜನ ಹತ್ತಿಳಿಯುವ ನಡುವೆ ಸಿಕ್ಕ ಬಿಡುವಿನಲ್ಲಿ ಅವನು ಓದಿದ, ಬರೆದ. 1892ರ ಕೊನೆಗೆ ಮೊದಲ ಕವನ ಸಂಗ್ರಹ 'ಓಕ್ ಅಂಡ್ ಐವಿ' ಅಚ್ಚಾಯಿತು. ಮುದ್ರಣದ ಖರ್ಚು 125 ಡಾಲರ್. ಅವನ ಏಳು ತಿಂಗಳ ಸಂಬಳಕ್ಕಿಂತ ಹೆಚ್ಚು. ಅಚ್ಚು ಹಾಕಿದ ಚರ್ಚಿನ ಮುದ್ರಣಾಲಯದ ಅಧಿಕಾರಿಯೊಬ್ಬ ಆ ಹಣಕ್ಕೆ ತಾನೇ ಜವಾಬ್ದಾರನಾದ. ಲಿಫ್ಟ್ ಹತ್ತಿದವರಿಗೆ ಪ್ರತಿಗೆ ಒಂದು ಡಾಲರಿನಂತೆ ಪುಸ್ತಕ ಮಾರಿ, ಕೆಲವೇ ವಾರಗಳಲ್ಲಿ ಡನ್‌ಬಾರ್ ಸಾಲ ತೀರಿಸಿದ.

1893ರಲ್ಲಿ ಷಿಕಾಗೋದಲ್ಲಿ ವಿಶ್ವಮೇಳ ನಡೆಯಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದು ಇದೇ ಮೇಳದ ಅಂಗವಾಗಿ. ಕೆಲಸ ಹುಡುಕುತ್ತ ಡನ್‌ಬಾರ್ ಅಲ್ಲಿಗೆ ಹೋದ. ಗುಲಾಮಗಿರಿಯ ವಿರುದ್ಧ ಜೀವಮಾನವಿಡೀ ಹೋರಾಡಿದ ಫ್ರೆಡರಿಕ್ ಡಗ್ಲಸ್ ಆಗ ಮೇಳದ ಹೈಟಿ ದೇಶದ ಮಂಟಪದ ಉಸ್ತುವಾರಿ ವಹಿಸಿದ್ದ. ಆತ ತರುಣ ಕವಿಗೆ ತನ್ನ ಕೈಕೆಳಗೆ ಕೆಲಸ ಕೊಟ್ಟ.

ದೊಡ್ಡ ಕೀರ್ತಿ ಬಂದದ್ದು 1896ರ ಜೂನ್ 27ರಂದು, ಡನ್‌ಬಾರನ ಇಪ್ಪತ್ತನಾಲ್ಕನೇ ಹುಟ್ಟುಹಬ್ಬದ ದಿನ. ಅಂದಿನ ಹೆಸರಾಂತ ವಿಮರ್ಶಕ ವಿಲಿಯಂ ಡೀನ್ ಹೊವೆಲ್ಸ್ 'ಹಾರ್ಪರ್ಸ್ ವೀಕ್ಲಿ'ಯಲ್ಲಿ ಅವನ ಎರಡನೇ ಸಂಗ್ರಹವನ್ನು ಮೆಚ್ಚಿ ಬರೆದ. ರಾತ್ರಿ ಬೆಳಗಾಗುವುದರಲ್ಲಿ ಡನ್‌ಬಾರ್ ದೇಶಕ್ಕೆಲ್ಲ ಪರಿಚಿತನಾದ. ಆದರೆ ಆ ಹೊಗಳಿಕೆಯಲ್ಲೇ ಒಂದು ಮುಳ್ಳಿತ್ತು. ಅವನು ಶಿಷ್ಟ ಇಂಗ್ಲಿಷಿನಲ್ಲೂ ಬರೆದಿದ್ದ, ದಕ್ಷಿಣದ ಕಪ್ಪು ಜನರ ಆಡುಮಾತಿನಲ್ಲೂ ಬರೆದಿದ್ದ. ಹೊವೆಲ್ಸ್ ಎತ್ತಿ ಹಿಡಿದದ್ದು ಆಡುಮಾತಿನ ಪದ್ಯಗಳನ್ನು. ಅಲ್ಲಿಂದ ಮುಂದೆ ಪ್ರಕಾಶಕರಿಗೂ ಸಂಪಾದಕರಿಗೂ ಅವೇ ಬೇಕಾದವು. ಬಿಳಿಯ ಓದುಗರು ಕಪ್ಪು ಕವಿಯಿಂದ ಬಯಸಿದ್ದು ತಮ್ಮ ಕಲ್ಪನೆಯಲ್ಲಿದ್ದ ತೋಟದ ಆಳಿನ ದನಿಯನ್ನು. ಆಡುಮಾತಿನ ಬಗ್ಗೆ ವಿಮರ್ಶಕ ಹೇಳಿದ ಮಾತು ತನಗೆ ಸರಿಪಡಿಸಲಾಗದ ಹಾನಿ ಮಾಡಿತೆಂದು ಡನ್‌ಬಾರ್ ಮರುವರ್ಷವೇ ಪತ್ರವೊಂದರಲ್ಲಿ ನೊಂದುಕೊಂಡ. ತಾಯಿಯಿಂದ ಬಂದ ನುಡಿಯ ಮೇಲೆ ಅವನಿಗೆ ಅಗೌರವವಿರಲಿಲ್ಲ. ಅದೊಂದೇ ಅವನ ಪಾಲಿಗೆ ಬಿಟ್ಟ ಜಾಗ ಎಂಬುದು ಅವನ ಸಂಕಟವಾಗಿತ್ತು.

ಸೈಕಲ್ ಅಂಗಡಿಯಿಂದ ಆಕಾಶಕ್ಕೆ

ರೈಟ್ ಸಹೋದರರ ಸಾಹಸ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಗಮನಿಸಬೇಕಾದದ್ದು ಅದಕ್ಕೆ ಊರು ಒದಗಿಸಿದ ನೆಲೆ. ಹಾರುವ ಪ್ರಯೋಗಗಳಿಗೆ ಹಣ ಬಂದದ್ದು ಸೈಕಲ್ ವ್ಯಾಪಾರದಿಂದ. ರೆಕ್ಕೆಗಳ ತುದಿ ತಿರುಚಿ ಯಂತ್ರದ ತೂಕ ಸರಿದೂಗಿಸುವ ಉಪಾಯ ವಿಲ್ಬರನಿಗೆ ಹೊಳೆದದ್ದು ಟ್ಯೂಬಿನ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಕೈಯಲ್ಲಿ ತಿರುಚುತ್ತಿದ್ದಾಗ. 1901ರಲ್ಲಿ ಅಂಗಡಿಯ ಮಹಡಿಯಲ್ಲೇ ಗಾಳಿ ಹಾಯಿಸುವ ಮರದ ಸುರಂಗ ಕಟ್ಟಿ, ಸುಮಾರು ಇನ್ನೂರು ಬಗೆಯ ರೆಕ್ಕೆಯ ಆಕಾರಗಳನ್ನು ಪರೀಕ್ಷಿಸಿದರು. ಎಂಜಿನ್ ಬೇಕಾದಾಗ ಯಾವ ಕಂಪೆನಿಯೂ ಒದಗಿಸಲಿಲ್ಲ. ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರಗಳಲ್ಲಿ ಹನ್ನೆರಡು ಅಶ್ವಶಕ್ತಿಯ ಎಂಜಿನ್ ಮಾಡಿಕೊಟ್ಟ. ತಂಗಿ ಕ್ಯಾಥರೀನ್ ಊರಿನ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತ ಮನೆ ನೋಡಿಕೊಂಡಳು. 1908ರಲ್ಲಿ ಓರ್‌ವಿಲ್ ವಿಮಾನದಿಂದ ಬಿದ್ದು ಮೂಳೆ ಮುರಿದುಕೊಂಡಾಗ ಕೆಲಸ ಬಿಟ್ಟು ಹೋಗಿ ಆರೈಕೆ ಮಾಡಿದವಳೂ ಆಕೆಯೇ.

1903ರ ಡಿಸೆಂಬರ್ 17ರಂದು ಕಿಟಿ ಹಾಕ್ ಸಮೀಪದ ಕಡಲತೀರದಲ್ಲಿ ಓರ್‌ವಿಲ್ ಹನ್ನೆರಡು ಸೆಕೆಂಡು, 120 ಅಡಿ ಹಾರಿದ. ಅದೇ ವರ್ಷದ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ 'ಇನ್ ದಹೋಮಿ' ಎಂಬ ಸಂಗೀತ ನಾಟಕ ಪ್ರದರ್ಶನ ಕಂಡಿತ್ತು. ಕಪ್ಪು ಜನರೇ ಬರೆದು ಕಪ್ಪು ಕಲಾವಿದರೇ ಆಡಿದ ಪೂರ್ಣಪ್ರಮಾಣದ ನಾಟಕ ಅಂಥ ದೊಡ್ಡ ರಂಗಮಂದಿರ ಏರಿದ್ದು ಅದೇ ಮೊದಲು. ಅದಕ್ಕೆ ಹಾಡು ಬರೆದವನು ಡನ್‌ಬಾರ್. ಒಂದೇ ವರ್ಷದಲ್ಲಿ ಇಬ್ಬರು ಸಹಪಾಠಿಗಳೂ ಅದುವರೆಗೆ ಯಾರೂ ಏರದ ಎತ್ತರ ಏರಿದ್ದರು.

ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಡೇಟನ್ನಿಗೂ ಸಲ್ಲುತ್ತದೆ. 1904, 1905ರಲ್ಲಿ ರೈಟ್ ಸಹೋದರರು ಊರಿನಿಂದ ಎಂಟು ಮೈಲಿ ದೂರದ ಹಫ್‌ಮನ್ ಹುಲ್ಲುಗಾವಲಿನಲ್ಲಿ, ಟ್ರಾಮಿನಲ್ಲಿ ಹೋಗುವವರ ಕಣ್ಣೆದುರೇ ಹಾರುತ್ತಿದ್ದರು. 1905ರ ಅಕ್ಟೋಬರ್ 5ರಂದು ವಿಲ್ಬರ್ ನಿಲ್ಲದೆ 39 ನಿಮಿಷ, 24 ಮೈಲಿ ಹಾರಿದ. ಆದರೂ ಊರಿನ ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿಯೆಂದು ಎಣಿಸಲಿಲ್ಲ. ಯಂತ್ರ ಆಕಾಶದಲ್ಲಿ ಒಂದು ಸುತ್ತು ಪೂರ್ತಿ ಹಾಕಿದ್ದನ್ನು ಕಣ್ಣಾರೆ ಕಂಡು ಮೊದಲು ಬರೆದವನು ಏಮಸ್ ರೂಟ್ ಎಂಬಾತ. ಅದು ಅಚ್ಚಾದದ್ದು 1905ರ ಜನವರಿಯಲ್ಲಿ, ಅವನೇ ಹೊರಡಿಸುತ್ತಿದ್ದ ಜೇನುಸಾಕಣೆಯ ಪತ್ರಿಕೆಯಲ್ಲಿ! ಆಗ 'ಡೇಟನ್ ಡೈಲಿ ನ್ಯೂಸ್'ನ ಒಡೆಯನಾಗಿದ್ದ ಜೇಮ್ಸ್ ಕಾಕ್ಸ್ ಮುಂದೆ ಒಹಾಯೊದ ಗವರ್ನರ್ ಆದ. 1920ರಲ್ಲಿ ಅಧ್ಯಕ್ಷ ಪದವಿಗೆ ನಿಂತು ಸೋತ.

ವಿಲ್ಬರ್ ಹುಲ್ಲುಗಾವಲಿನ ಮೇಲೆ ಸುತ್ತುತ್ತಿದ್ದ ದಿನಗಳಲ್ಲಿ ಡನ್‌ಬಾರ್ ಅದೇ ಊರಿಗೆ ಸಾಯಲು ಬಂದಿದ್ದ. ಕ್ಷಯ ಅವನನ್ನು ಹಿಡಿದಿತ್ತು. ಲೇಖಕಿ ಆಲಿಸ್ ಮೂರ್ ಜೊತೆಗಿನ ಮದುವೆ 1902ರಲ್ಲಿ ಮುರಿದಿತ್ತು. 1904ರಲ್ಲಿ ತಾಯಿಗಾಗಿ ಒಂದು ಮನೆ ಕೊಂಡ. 1906ರ ಫೆಬ್ರುವರಿ 9ರಂದು ಅದೇ ಮನೆಯಲ್ಲಿ ಕಣ್ಣು ಮುಚ್ಚಿದ. ಆಗ ವಯಸ್ಸು ಮೂವತ್ತಮೂರು. ಅಷ್ಟರಲ್ಲಿ ಕವನ ಸಂಗ್ರಹಗಳಲ್ಲದೆ ನಾಲ್ಕು ಕಾದಂಬರಿಗಳನ್ನೂ ನಾಲ್ಕು ಕಥಾಸಂಕಲನಗಳನ್ನೂ ಬರೆದಿದ್ದ.

ನೆರೆ ಬಂದ ವರ್ಷ

ಯಾವ ನೀರಿನಿಂದ ಊರು ಬೆಳೆದಿತ್ತೋ ಆ ನೀರೇ 1913ರ ಮಾರ್ಚ್ 25ರಂದು ಊರನ್ನು ಮುಳುಗಿಸಿತು. ಕೆಲವೇ ದಿನಗಳ ಬಿರುಮಳೆಗೆ ಏರಿಗಳು ಒಡೆದವು. ಪೇಟೆಯಲ್ಲಿ ನೀರು ಇಪ್ಪತ್ತು ಅಡಿಯವರೆಗೆ ಏರಿತು. ಮಯಾಮಿ ಕಣಿವೆಯಲ್ಲಿ ಸತ್ತವರು 360ಕ್ಕೂ ಹೆಚ್ಚು.

ಆಗ ಜನರ ಕೈಹಿಡಿದವನು ಕ್ಯಾಷ್ ರಿಜಿಸ್ಟರಿನ ಪ್ಯಾಟರ್‌ಸನ್. ಪೈಪೋಟಿಗಾರರನ್ನು ಅನ್ಯಾಯದಿಂದ ಹತ್ತಿಕ್ಕಿದನೆಂದು ಅದಕ್ಕೆ ಆರು ವಾರ ಮೊದಲಷ್ಟೇ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದು ಸಾರಿತ್ತು. ಎತ್ತರದ ನೆಲದ ಮೇಲಿದ್ದ ತನ್ನ ಕಾರ್ಖಾನೆಯನ್ನು ಅವನು ನಿರಾಶ್ರಿತರ ಶಿಬಿರವಾಗಿ ಮಾರ್ಪಡಿಸಿದ. ಅಲ್ಲಿನ ಬಡಗಿಗಳು ಸುಮಾರು ಮುನ್ನೂರು ದೋಣಿಗಳನ್ನು ಮಾಡಿ ನೀರಿಗಿಳಿಸಿದರು. ಮೇಲ್ಮನವಿಯಲ್ಲಿ 1915ರಲ್ಲಿ ಆ ಶಿಕ್ಷೆ ರದ್ದಾಯಿತು. ಕೆಲಸದ ಮಾರುಕಟ್ಟೆಯಲ್ಲಿ ನಿರ್ದಯಿ, ಕಷ್ಟಕಾಲದಲ್ಲಿ ಆಪದ್ಬಾಂಧವ: ಊರಿನ ದೊಡ್ಡವರ ಲೆಕ್ಕ ಯಾವಾಗಲೂ ಒಂದೇ ಪುಟದಲ್ಲಿ ಮುಗಿಯುವುದಿಲ್ಲ.

ವಿಲ್ಬರ್ 1912ರಲ್ಲಿಯೇ ವಿಷಮಶೀತ ಜ್ವರದಿಂದ ಸತ್ತಿದ್ದ. ಹಾಥಾರ್ನ್ ಬೀದಿಯ ಮನೆಯ ಹಿಂದಿನ ಕೊಟ್ಟಿಗೆಯಲ್ಲಿದ್ದ ಗಾಜಿನ ನೆಗೆಟಿವ್‌ಗಳು ಕೆಲವು ದಿನ ಕೆಸರುನೀರಿನಲ್ಲಿ ಮುಳುಗಿದ್ದವು. ಮೊದಲ ಹಾರಾಟದ ಜಗತ್ಪ್ರಸಿದ್ಧ ಚಿತ್ರದ ನೆಗೆಟಿವ್ ಅವುಗಳಲ್ಲೊಂದು. ಒಂದು ಮೂಲೆ ಮಾತ್ರ ಕಿತ್ತು, ಚಿತ್ರ ಉಳಿದುಕೊಂಡಿತು. ಆ ಮೂಲೆಯ ಕಲೆ ಇಂದಿಗೂ ಕಾಣುತ್ತದೆ.

ನೆರೆ ಇಳಿದ ಮೇಲೆ ಜನ ತಾವೇ ಇಪ್ಪತ್ತು ಲಕ್ಷ ಡಾಲರ್ ಕೂಡಿಸಿದರು. ಎಂಜಿನಿಯರ್ ಆರ್ಥರ್ ಮಾರ್ಗನ್ನನ ಯೋಜನೆಯಂತೆ ಊರಿನ ಮೇಲ್ಭಾಗದಲ್ಲೂ ಸುತ್ತಲೂ ಐದು ಅಣೆಕಟ್ಟುಗಳು ಎದ್ದು, 1922ರಲ್ಲಿ ಮುಗಿದವು. ಇವು ನೀರು ನಿಲ್ಲಿಸುವ ಅಣೆಕಟ್ಟುಗಳಲ್ಲ. ಬುಡದಲ್ಲಿ ಸದಾ ತೆರೆದ ಕಂಡಿಗಳಿವೆ. ಸಾಧಾರಣ ಕಾಲದಲ್ಲಿ ನದಿ ಅದರಲ್ಲೇ ಹರಿದು ಹೋಗುತ್ತದೆ, ಹಿಂದಿನ ಬಯಲಿನಲ್ಲಿ ಬೇಸಾಯ ನಡೆಯುತ್ತದೆ. ಪ್ರವಾಹ ಬಂದಾಗ ಕಂಡಿಯಲ್ಲಿ ಹಿಡಿಸದ ನೀರು ಬಯಲಿನಲ್ಲಿ ನಿಂತು ಮೆಲ್ಲನೆ ಇಳಿಯುತ್ತದೆ. ಆ ಬಳಿಕ ಡೇಟನ್ ಅಂಥ ನೆರೆಯನ್ನು ಕಂಡಿಲ್ಲ.

ಆಮೇಲಿನ ಡೇಟನ್

ಪ್ಯಾಟರ್‌ಸನ್ನನ ಕಂಪೆನಿಯಿಂದ ಹೊರಬಂದ ಚಾರ್ಲ್ಸ್ ಕೆಟರಿಂಗ್, ಕಾರಿನ ಎಂಜಿನ್ನನ್ನು ಕೈಯಿಂದ ತಿರುಗಿಸುವ ಕಷ್ಟ ತಪ್ಪಿಸಿದ ವಿದ್ಯುತ್ ಸ್ಟಾರ್ಟರನ್ನು ಇಲ್ಲಿಯೇ ರೂಪಿಸಿದ. 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಅದು ಬಂತು. ಕಾರಿನ ಉದ್ಯಮ ಊರನ್ನು ಬೆಳೆಸಿತು. ಗೃಹಿಣಿಯ ಪಾಡನ್ನು ನಗೆಯ ಅಂಕಣವಾಗಿಸಿ ಅಮೆರಿಕದ ನೂರಾರು ಪತ್ರಿಕೆಗಳಲ್ಲಿ ಬರೆದ ಅರ್ಮಾ ಬೊಂಬೆಕ್ ಇಲ್ಲಿಯವಳು. 1960ರಲ್ಲಿ ಜನಸಂಖ್ಯೆ 2,62,332 ಮುಟ್ಟಿತು.

ಆದರೆ ನದಿ ಊರನ್ನು ಎರಡಾಗಿ ಸೀಳಿತ್ತು. ಕಪ್ಪು ಜನರಿಗೆ ಪಶ್ಚಿಮ ದಂಡೆಯಲ್ಲಷ್ಟೇ ಮನೆ ಸಿಗುತ್ತಿತ್ತು. 1966ರಲ್ಲಿ ಅಲ್ಲಿ ಗಲಭೆ ಭುಗಿಲೆದ್ದಿತು. 1955ರಲ್ಲಿ ಡೇಟನ್ನಿನ ಕಪ್ಪು ಶಿಕ್ಷಕ ಕುಟುಂಬದಲ್ಲಿ ಹುಟ್ಟಿದ ಎಡ್ವಿನ್ ಮೋಸೆಸ್ ಅವರ ಕಥೆ ಇಲ್ಲಿ ನೆನೆಯಬೇಕು. ಓದಿನ ವಿದ್ಯಾರ್ಥಿವೇತನದ ಮೇಲೆ ಕಾಲೇಜು ಸೇರಿ ಭೌತಶಾಸ್ತ್ರ ಓದಿದವರು ಅವರು. 400 ಮೀಟರ್ ಹರ್ಡಲ್ಸ್ ಓಟದಲ್ಲಿ ಎರಡು ಅಡೆಗಳ ನಡುವೆ ಲೆಕ್ಕ ಹಾಕಿ ಹದಿಮೂರೇ ಹೆಜ್ಜೆ ಇಟ್ಟರು. 1976 ಮತ್ತು 1984ರ ಒಲಿಂಪಿಕ್ ಚಿನ್ನ ಗೆದ್ದರು. 1977ರಿಂದ 1987ರವರೆಗೆ ಸತತ 122 ಓಟಗಳಲ್ಲಿ ಅವರನ್ನು ಸೋಲಿಸಿದವರಿಲ್ಲ.

ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 2009ರಲ್ಲಿ ಪ್ಯಾಟರ್‌ಸನ್ನನ ಕಂಪೆನಿಯೇ ತನ್ನ ಮುಖ್ಯ ಕಚೇರಿಯನ್ನು ಜಾರ್ಜಿಯಾ ರಾಜ್ಯಕ್ಕೆ ಒಯ್ಯುವುದಾಗಿ ಸಾರಿತು. 2020ರ ಜನಗಣತಿಯಲ್ಲಿ ಊರಿನಲ್ಲಿ ಉಳಿದವರು 1,37,644. ಜಗತ್ತಿನ ಸುದ್ದಿಯಲ್ಲಿ ಡೇಟನ್ ಹೆಸರು ಮತ್ತೆ ಮೊಳಗಿದ್ದು 1995ರ ನವೆಂಬರಿನಲ್ಲಿ. ಬೋಸ್ನಿಯಾದ ಯುದ್ಧ ನಿಲ್ಲಿಸಿದ ಒಪ್ಪಂದ ಕುದುರಿದ್ದು ರೈಟ್ ಮತ್ತು ಪ್ಯಾಟರ್‌ಸನ್ ಮನೆತನಗಳ ಹೆಸರು ಹೊತ್ತ ಇಲ್ಲಿನ ವಾಯುನೆಲೆಯಲ್ಲಿ.

ಒಂದೇ ಗುಡ್ಡ

ಬದುಕಿನಲ್ಲಿ ಮುಂದೆ ಬರಬೇಕಾದರೆ ಒಳ್ಳೆಯ ತಂದೆತಾಯಿಯನ್ನು ಆರಿಸಿಕೊಂಡು ಒಹಾಯೊದಲ್ಲಿ ಹುಟ್ಟಬೇಕು ಎಂಬರ್ಥದ ಮಾತನ್ನು ವಿಲ್ಬರ್ ರೈಟ್ ಒಂದು ಔತಣಕೂಟದಲ್ಲಿ ತಮಾಷೆಯಾಗಿ ಹೇಳಿದ್ದುಂಟು. ಅದರಲ್ಲಿ ನಿಜವಿದೆ. ಆದರೆ ಮಟಿಲ್ಡಾಳಂಥ ತಾಯಿಯನ್ನು ಪಡೆದ ಡನ್‌ಬಾರನೂ ಒಹಾಯೊದಲ್ಲೇ ಹುಟ್ಟಿದ್ದ. ಅದೇ ಶಾಲೆಗೆ ಹೋಗಿದ್ದ, ಅದೇ ಅಚ್ಚಿನ ಯಂತ್ರದಲ್ಲಿ ಪತ್ರಿಕೆ ತೆಗೆದಿದ್ದ. ಸಹಪಾಠಿಗಳ ಸ್ನೇಹಕ್ಕೆ ಅಡ್ಡ ಬಾರದ ಬಣ್ಣ, ಶಾಲೆಯ ಗೇಟು ದಾಟಿದ ಕೂಡಲೇ ಅಡ್ಡ ಬಂದಿತು.

ರೈಟ್ ಸಹೋದರರ ಮನೆಯನ್ನೂ ಸೈಕಲ್ ಅಂಗಡಿಯೊಂದನ್ನೂ ಹೆನ್ರಿ ಫೋರ್ಡ್ ಕೊಂಡು ಮಿಷಿಗನ್ ರಾಜ್ಯದ ತನ್ನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ. ಡನ್‌ಬಾರ್ ತಾಯಿಗೆ ಕೊಂಡುಕೊಟ್ಟ ಮನೆ ಮಾತ್ರ ಡೇಟನ್ನಿನಲ್ಲೇ ಇದೆ. ಮಟಿಲ್ಡಾ 1934ರವರೆಗೆ ಅಲ್ಲಿಯೇ ಬಾಳಿದಳು. 1992ರಲ್ಲಿ ವಿಮಾನಯಾನದ ನೆನಪಿಗಾಗಿ ಇಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಸ್ಥಾಪನೆಯಾದಾಗ, ಹಫ್‌ಮನ್ ಹುಲ್ಲುಗಾವಲಿನೊಂದಿಗೆ ಈ ಕವಿಯ ಮನೆಯನ್ನೂ ಸೇರಿಸಿದರು. ಮಾಯಾ ಏಂಜೆಲೊ 1969ರ ತನ್ನ ಆತ್ಮಕಥೆಯ ಶೀರ್ಷಿಕೆಯನ್ನು ಡನ್‌ಬಾರನ ಕವಿತೆಯೊಂದರಿಂದ ಎತ್ತಿಕೊಂಡ ಮೇಲೆ ಹೊಸ ಓದುಗರು ಅವನನ್ನು ಹುಡುಕಿಕೊಂಡು ಬರುತ್ತಿದ್ದಾರೆ.

ಊರಿನ ವುಡ್‌ಲ್ಯಾಂಡ್ ಸ್ಮಶಾನ ಒಂದು ಗುಡ್ಡದ ಮೇಲಿದೆ. ರಿಟ್ಟಿ, ಪ್ಯಾಟರ್‌ಸನ್, ಕಾಕ್ಸ್, ಬೊಂಬೆಕ್, ವಿಲ್ಬರ್, 1948ರಲ್ಲಿ ತೀರಿಕೊಂಡ ಓರ್‌ವಿಲ್, ತಂಗಿ ಕ್ಯಾಥರೀನ್ ಎಲ್ಲರೂ ಅಲ್ಲಿ ಮಲಗಿದ್ದಾರೆ. ಡನ್‌ಬಾರನ ಸಮಾಧಿಯೂ ಅಲ್ಲಿಯೇ, ಪಕ್ಕದಲ್ಲಿ ತಾಯಿಯದು. ಶಾಲೆಯ ಫೋಟೊದಲ್ಲಿ ಜೊತೆಗೆ ನಿಂತವರು ಕೊನೆಗೆ ಒಂದೇ ಗುಡ್ಡಕ್ಕೆ ಬಂದರು. ನಡುವಿನ ಹಾದಿ ಒಂದೇ ಆಗಿರಲಿಲ್ಲ ಎಂಬುದನ್ನು ಡೇಟನ್ ತನ್ನ ದೊಡ್ಡವರ ಪಟ್ಟಿ ಓದುವಾಗಲೆಲ್ಲ ನೆನೆಯಬೇಕಾಗಿದೆ. ಅಂಥ ಪಟ್ಟಿ ಇಟ್ಟುಕೊಂಡಿರುವ ಎಲ್ಲ ಊರುಗಳಿಗೂ ಈ ಮಾತು ಸಲ್ಲುತ್ತದೆ.